ಹಿಂದೆ ನಿಂತು ಹಿಡಿಯುವ ಕೆಲಸ

ಯಾರನ್ನಾದರೂ ಎರಡು ಸಲ ನೋಡಿದರೆ ಸಾಕು, ಮೂರನೇ ಸಲ ಅವರಂತೆ ಮಾಡಿ ತೋರಿಸುತ್ತೇನೆ. ಹಾಸನದ ಬಸ್ ನಿಲ್ದಾಣದಲ್ಲಿ ಮೂಗಿನಲ್ಲೇ ಅರಕಲಗೂಡನ್ನು ಕೂಗುವ ಕಂಡಕ್ಟರು, ಹಾಲಿನ ಡೇರಿಯ ಸೆಕ್ರೆಟರಿ, ಹುಡುಗಿಯರು ಕಂಡರೆ ದನಿ ದಪ್ಪ ಮಾಡಿಕೊಳ್ಳುವ ನಾನು, ಯಾರನ್ನೂ ಬಿಟ್ಟವನಲ್ಲ. ಆದರೆ ನಮ್ಮ ಸಭೆಯಲ್ಲಿ ನನಗೆ ಹೆಸರು ತಂದದ್ದೂ ಆ ಹೆಸರು ಕೆಡಿಸಿದ್ದೂ ಒಂದೇ: ಬೀಳುವುದು.

ಸಭೆ ಎಂದರೆ ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಕಡೆ ಹೋಗುವಾಗ ಎಡಕ್ಕೆ ಸಿಗುವ ತಗಡಿನ ಶೀಟಿನ ಪ್ರಾರ್ಥನಾ ಮಂದಿರ. ಪಾಸ್ಟರ್ ಹಣೆಯ ಮೇಲೆ ಕೈಯಿಟ್ಟರೆ ಜನ ಪವಿತ್ರಾತ್ಮನ ಬಲಕ್ಕೆ ಹಿಂದಕ್ಕೆ ಬೀಳುತ್ತಾರೆ. ಬೀಳುವವರನ್ನು ಹಿಡಿದು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಲು ಹಿಂದೆ ಒಬ್ಬರು ನಿಂತಿರಬೇಕು. ಹೆಂಗಸರಾದರೆ ಸಿಸ್ಟರೊಬ್ಬರು ಬಂದು ಮೈಮೇಲೆ ಶಾಲು ಹೊದಿಸುತ್ತಾರೆ. ಆಮೇಲೆ ಅವರಾಗಿ ಏಳುವ ತನಕ ಯಾರೂ ಮುಟ್ಟುವಂತಿಲ್ಲ.

ಹೊಳೆನರಸೀಪುರದ ಟೈಲರು ಚಾಪೆ ಎಲ್ಲಿದೆ ಎಂದು ಒಂದು ಕಣ್ಣು ತೆರೆದು ನೋಡಿಕೊಂಡೇ ಬೀಳುತ್ತಿದ್ದರು. ಅರಕಲಗೂಡಿನ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿ, ಆಮೇಲೆ ಬೀಳುತ್ತಿದ್ದರು. ನಾನೂ ಬಿದ್ದಿದ್ದೇನೆ. ಬಿದ್ದ ಮೇಲೆ ಮೂಗು ತುರಿಸಿತು, ಆತ್ಮ ಬೇಸರಪಟ್ಟುಕೊಂಡರೆ ಎಂದು ಅರ್ಧ ಗಂಟೆ ತಡೆದುಕೊಂಡಿದ್ದೆ. ಇದನ್ನೆಲ್ಲ ಮನೆಯಲ್ಲಿ ಮಾಡಿ ತೋರಿಸಿದರೆ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಪಾಪ ಬತ್ತದೆ ಕಣ್ಲಾ, ಬುಡು." ಸ್ವಲ್ಪ ಹೊತ್ತು ಬಿಟ್ಟು, "ಮೇಷ್ಟ್ರುದು ಇನ್ನೊಂದ್ ಸಲ ಮಾಡು."

ಒಂದು ಭಾನುವಾರ ಸಭೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಜನರ ಮುಂದೆ ಮೇಷ್ಟ್ರಂತೆ ಬೀಳುತ್ತಿದ್ದೆ. ಕಣ್ಣು ಬಿಟ್ಟರೆ ಮೇಲೆ ಪಾಸ್ಟರ ಮುಖ. ಬಿದ್ದಲ್ಲಿಂದಲೇ ಕೇಳಿದೆ: "ಪಾಸ್ಟ್ರೇ, ಹಿಂಗ್ ಬೀಳೋದು ಬೈಬಲ್‌ನಲ್ಲಿ ಎಲ್ಲೈತೆ?"

ಅವರು ಬೆರಳು ಮಡಚಿ ಎಣಿಸಿದರು. ಪ್ರವಾದಿಗಳು ಬಿದ್ದರು. ಭಕ್ತರನ್ನು ಹಿಂಸಿಸಲು ಹೊರಟವನು ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದ. ತೋಟದಲ್ಲಿ ಯೇಸುವನ್ನು ಹಿಡಿಯಲು ಬಂದವರು ಅವನ ಒಂದು ಮಾತಿಗೆ ಹಿಂದಕ್ಕೆ ಸರಿದು ಬಿದ್ದರು.

"ಎದ್ದು ಅವನನ್ನೇ ಕಟ್ಕೊಂಡು ಹೋದ್ರಲ್ಲ ಪಾಸ್ಟ್ರೇ. ಪವಿತ್ರಾತ್ಮನ ಅಭಿಷೇಕ ಆಗಿದ್ರೆ ಹಂಗ್ ಮಾಡ್ತಿದ್ರಾ?"

ನಾಲ್ಕೂ ಜನ ನಕ್ಕರು. ಪಾಸ್ಟರ್ ನಗಲಿಲ್ಲ. "ನಿನ್ ಬಾಯಿಗೆ ಒಂದು ಕೆಲಸ ಕೊಡ್ತೀನಿ. ಮುಚ್ಚಿಟ್ಕೊಳೋದು. ಕೈಗೂ ಒಂದು ಕೊಡ್ತೀನಿ. ಶುಕ್ರವಾರದಿಂದ ಹಿಂದೆ ನಿಂತು ಹಿಡಿ." ಹೆಂಗಸರನ್ನು ಹೆಂಗಸರೇ ಹಿಡಿಯುವುದು ರೂಢಿ. ಅವ್ವನ ಹಿಂದೆ ಮಾತ್ರ ಮಗನೇ ನಿಲ್ಲಬಹುದು ಎಂದರು.

ಹಿಡಿಯುವ ಕೆಲಸದಲ್ಲಿ ಒಂದು ಗುಟ್ಟು ಕಲಿತೆ. ಬೀಳುವವರು ಎಷ್ಟೇ ಭಕ್ತಿಯಿಂದ ಬೀಳಲಿ, ಮೊದಲು ಮಂಡಿ ಸ್ವಲ್ಪ ಮಡಚುತ್ತದೆ, ಕತ್ತು ಬಿಗಿಯಾಗುತ್ತದೆ. ಮೈ ನಮಗೆ ಸಹಾಯ ಮಾಡುತ್ತದೆ. ಅವರು ನಾಟಕ ಮಾಡುತ್ತಾರೆ ಎಂದಲ್ಲ. ಮೈಗೆ ಅದರದೇ ಬುದ್ಧಿ ಇರುತ್ತದೆ.

ಅವ್ವನಿಗೆ ಶುಗರ್ ಇತ್ತು. ಬೆಳಿಗ್ಗೆ ಇಂಜೆಕ್ಷನ್ ತಪ್ಪಿಸಬೇಡ ಎಂದು ಡಾಕ್ಟರು ಬೈದಿದ್ದರು, ತಪ್ಪಿಸುತ್ತಿರಲಿಲ್ಲ. ಶುಕ್ರವಾರ ಉಪವಾಸ ಪ್ರಾರ್ಥನೆ, ಅದನ್ನೂ ತಪ್ಪಿಸುತ್ತಿರಲಿಲ್ಲ. ಇಂಜೆಕ್ಷನ್ ತೆಗೆದುಕೊಂಡು ಹೊಟ್ಟೆ ಖಾಲಿ ಬಿಡಬಾರದು ಎಂದು ಡಾಕ್ಟರು ಹೇಳಿಯೂ ಇದ್ದರು. ಅವ್ವ ಡಾಕ್ಟರು, ಪಾಸ್ಟರ್ ಇಬ್ಬರ ಮಾತನ್ನೂ ಅರ್ಧರ್ಧ ಸೇರಿಸಿ ಪೂರ್ತಿ ನಡೆಸಿದೆ ಎಂದುಕೊಂಡಿದ್ದಳು. ಆ ಶುಕ್ರವಾರ ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿದವನು ನಾನೇ. ಬಸ್ಸು ಹೋಗಿಬಿಡುತ್ತದೆ ಎಂದು ಅವಸರ ಮಾಡಿದವನೂ ನಾನೇ.

ಬೇರೆ ಶುಕ್ರವಾರಗಳಲ್ಲಿ ಹನ್ನೆರಡಕ್ಕೆ ಗಂಜಿ ಕುಡಿಸಿ ಉಪವಾಸ ಬಿಡಿಸುತ್ತಿದ್ದರು. ಅಂದು ಮೂರು ಗಂಟೆ ತನಕ ಎಂದು ಪಾಸ್ಟರ್ ಹೇಳಿದರು. ಹನ್ನೊಂದೂವರೆ ಹೊತ್ತಿಗೆ ಅವ್ವನ ಸರದಿ ಬಂತು. ಪಾಸ್ಟರ್ ಹಣೆಯ ಮೇಲೆ ಕೈಯಿಟ್ಟರು. ಅವಳು ಮಂಡಿ ಮಡಚಲಿಲ್ಲ. ರಾಗಿ ಮೂಟೆ ಲಾರಿಯಿಂದ ಜಾರಿದ ಹಾಗೆ ನನ್ನ ಎದೆಗೆ ಬಂದು ಬಿದ್ದಳು. ಚಾಪೆಗೆ ಇಳಿಸುವಾಗ ಕತ್ತು ಒಂದು ಕಡೆ ಹೊರಳಿತು. ಕುತ್ತಿಗೆಯ ಹಿಂದೆ ತಣ್ಣಗೆ ಬೆವರು ಹರಿಯುತ್ತಿತ್ತು.

"ಪಾಸ್ಟ್ರೇ, ಇದು ಬ್ಯಾರೆ ಥರ ಐತೆ" ಅಂದೆ.

ಯಾರೋ ಕಿಸಕ್ಕೆಂದರು. "ಸುರು ಮಾಡ್ದ ನೋಡು" ಅಂದರು ಟೈಲರು.

"ತಮಾಷೆ ಅಲ್ಲಣ್ಣ, ದಮ್ಮಯ್ಯ, ಮೈ ತಣ್ಣಗೈತೆ."

ನನ್ನ ದನಿ ನಡುಗಿತು. ಆ ಭಾನುವಾರ ಅಂಗಳದಲ್ಲಿ ಬಿದ್ದಾಗಲೂ ಹೀಗೇ ನಡುಗಿಸಿದ್ದೆ, ಚೆನ್ನಾಗಿ ಬಂದಿತ್ತು. ಶಾಲು ತಂದ ಸಿಸ್ಟರ್ ನನ್ನ ಕೈ ಸರಿಸಿದರು. "ಮುಟ್ಟಬ್ಯಾಡಪ್ಪ. ನಿಮ್ಮವ್ವಂಗೆ ದರ್ಶನ ಆಯ್ತಾ ಐತೆ, ನೀನ್ ಕೆಡಿಸ್ಬ್ಯಾಡ." ಪಾಸ್ಟರ್ ಒಂದು ಕ್ಷಣ ಅವ್ವನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಮುಂದಿನವರ ಹಣೆಗೆ ಕೈ ಹಾಕಿದರು.

ನಾನು ಏನು ಮಾಡಿದೆ? ಎದ್ದು ನಿಂತೆ. ಇನ್ನೂ ಮೂವರನ್ನು ಹಿಡಿದೆ. ಮಧ್ಯೆ ಮಧ್ಯೆ ಶಾಲಿನ ಕಡೆ ನೋಡುತ್ತಿದ್ದೆ. ಉಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು, ಅದರಲ್ಲೇ ಸಮಾಧಾನಪಟ್ಟುಕೊಂಡೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಮೇಷ್ಟ್ರು ದೂರದಿಂದಲೇ ಶಹಬ್ಬಾಸ್ ಎಂಬಂತೆ ತಲೆಯಾಡಿಸಿದರು. ಹೊಗಳಿಕೆ ಹಿತವಾಯಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಪ್ರಸಂಗ, ಹಾಡು, ಮತ್ತೆ ಪ್ರಸಂಗ ಆಗಿ ಮೂರಕ್ಕೆ ಕೊನೆಯ ಹಾಡು ಮುಗಿಯಿತು. ಇನ್ನೂ ಮಲಗಿದ್ದವರೆಲ್ಲ ಎದ್ದು ಕೂದಲು ಸರಿ ಮಾಡಿಕೊಂಡರು. ಸಿಸ್ಟರ್ ಶಾಲುಗಳನ್ನು ಮಡಿಸುತ್ತಾ ಬಂದರು. ಒಂದು ಶಾಲು ಎಳೆದಾಗ ಕೆಳಗಿದ್ದವಳು ಏಳಲಿಲ್ಲ.

ಹಾಸನದ ಆಸ್ಪತ್ರೆಗೆ ಯಾರದೋ ಕಾರಿನಲ್ಲಿ ಹೋದೆವು. ಡ್ಯೂಟಿ ಡಾಕ್ಟರು ಬೆರಳಿಗೆ ಚುಚ್ಚಿ ರಕ್ತ ನೋಡಿ ತಲೆ ಎತ್ತಿದರು. "ಬಿದ್ದು ಎಷ್ಟು ಹೊತ್ತಾಯ್ತು?"

"ಮೂರೂವರೆ ಗಂಟೆ, ನಾಕ್ ಗಂಟೆ ಆಗಿರ್ಬೇಕು ಸಾ."

"ಅಲ್ಲಿ ತನಕ ಏನ್ ಮಾಡ್ತಿದ್ರಿ?"

"ಹೊದಿಸಿದ್ವಿ ಸಾ."

ಸಕ್ಕರೆ ಪೂರ್ತಿ ಇಳಿದಿದೆ ಎಂದು ಗ್ಲೂಕೋಸ್ ತರಲು ನರ್ಸನ್ನು ಕೂಗಿದರು. ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಅವ್ವನ ಬೈಬಲ್ ಹಿಡಿದು ಕೂತೆ. ಪಾಸ್ಟರನ್ನು ಸೋಲಿಸಲು ಬಿದ್ದವರನ್ನೆಲ್ಲ ಹುಡುಕಿದೆ. ನಾನು ಕಂಡಷ್ಟರಲ್ಲಿ ದೇವರ ಮುಂದೆ ಬಿದ್ದವರು ಬೋರಲಾಗಿ ಬಿದ್ದಿದ್ದರು, ಅವರ ಹಿಂದೆ ಹಿಡಿಯುವವನಿರಲಿಲ್ಲ. ಬಿದ್ದವನಿಗೆ ಏಳು ಎಂದು ದನಿಯೊಂದು ಹೇಳುತ್ತಿತ್ತು, ಇಲ್ಲವೇ ಒಂದು ಕೈ ಬಂದು ಮುಟ್ಟುತ್ತಿತ್ತು. ತೋಟಕ್ಕೆ ಬಂದವರನ್ನು ಬಿಟ್ಟರೆ ಹಿಂದಕ್ಕೆ ಬಿದ್ದವನು ಒಬ್ಬ ಮುದುಕ ಯಾಜಕ ಸಿಕ್ಕ. ಪೀಠದಿಂದ ಉರುಳಿ ಕತ್ತು ಮುರಿದು ಸತ್ತ. ಬೇರೆ ದಿನವಾಗಿದ್ದರೆ ಇದರಲ್ಲಿ ಒಳ್ಳೆ ಜೋಕು ಹುಟ್ಟುತ್ತಿತ್ತು.

ಪಾಸ್ಟರ್ ಬಂದು ಪಕ್ಕದಲ್ಲಿ ಕೂತರು. ನಾನು ಬಾಯಿ ತೆಗೆಯುವ ಮೊದಲೇ ಮೆಲ್ಲಗೆ ಅಂದರು, "ಕೈಯಿಟ್ಟಾಗ ಹಣೆ ತಣ್ಣಗಿತ್ತು. ನಂಗೂ ಗೊತ್ತಾಯ್ತು. ನಿಲ್ಸಿದ್ರೆ ಜನ ಏನಂತಾರೋ ಅಂತ..."

ಗುರುತು ಹಾಕಿಟ್ಟಿದ್ದ ಪುಟಗಳನ್ನು ತೋರಿಸಲಿಲ್ಲ. ಅವ್ವನನ್ನು ಬಿಟ್ಟು ನಾನು ಎದ್ದು ನಿಂತದ್ದೂ ಅದಕ್ಕೇ ಅಲ್ಲವೇ?

ಅವ್ವ ಬದುಕಿದಳು. ಮೆದುಳಿಗೆ ಸಕ್ಕರೆ ಸಾಲದೆ ಏನೇನು ಹೋಯಿತೆಂದು ಡಾಕ್ಟರು ವಿವರಿಸಿದರು, ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಉಣ್ಣಿಸಿದರೆ ಉಣ್ಣುತ್ತಾಳೆ. ನನ್ನನ್ನು ಒಮ್ಮೊಮ್ಮೆ ಅಣ್ಣ ಎನ್ನುತ್ತಾಳೆ. ಒಂದು ಸಂಜೆ, ನಗುತ್ತಾಳೇನೋ ನೋಡೋಣ ಎಂದು ಮೇಷ್ಟ್ರಾದೆ. ಕನ್ನಡಕ ತೆಗೆದೆ, ಗುಂಡಿ ಹಾಕಿದೆ, ಬಿದ್ದೆ. ಅವ್ವ ಗಾಬರಿಯಾಗಿ, "ಅಯ್ಯೋ ಮೇಷ್ಟ್ರು ಬಿದ್ಬುಟ್ರು, ಯಾರಾರ ಎತ್ರಪ್ಪಾ" ಎಂದು ಅಳತೊಡಗಿದಳು.

ಅವಳ ಅಳು ನಿಲ್ಲಿಸಲು ಬೇರೆ ತೋಚದೆ ಪಾಸ್ಟರ ದನಿ ತೆಗೆದು, "ಸಮಾಧಾನ ಸಿಸ್ಟರ್, ಸಮಾಧಾನ" ಎಂದು ತಲೆ ಮುಟ್ಟಿದೆ. ತಕ್ಷಣ ಅಳು ನಿಂತಿತು. ಮಂಚದ ಪಟ್ಟಿ ಹಿಡಿದು ಮೆಲ್ಲಗೆ ಎದ್ದು ನಿಂತಳು. ಕೈ ಜೋಡಿಸಿ, ಕಣ್ಣು ಮುಚ್ಚಿ, "ಆಮೆನ್" ಅಂದು ಹಿಂದಕ್ಕೆ ವಾಲಿದಳು. ಅವಳ ಹಿಂದೆ ಯಾರೂ ಇರಲಿಲ್ಲ. ನಾನು ಎದುರಿಗಿದ್ದೆ. ಸೆರಗು ಕೈಗೆ ಸಿಕ್ಕಿತು, ಎಳೆದು ಅವಳನ್ನು ಎದೆಗೆ ಒತ್ತಿಕೊಂಡೆ.

"ಏಳವ್ವಾ," ಅಂದೆ, ನನ್ನದೇ ದನಿಯಲ್ಲಿ. ಅವಳಿಗೆ ಆ ದನಿಯ ಗುರುತು ಹತ್ತಲಿಲ್ಲ. ಪಾಸ್ಟರು ಎಲ್ಲಿ ಹೋದರೆಂದು ನನ್ನ ಭುಜದಾಚೆ ಹುಡುಕುತ್ತಿದ್ದಳು.