ಒಂದಕ್ಷರವೂ ಇಲ್ಲದ ಪುಸ್ತಕ

ಆನೇಮಹಲ್‌ನ ಜೇಬಾ ಹನ್ನೆರಡು ವರ್ಷ ಮಕ್ಕಳ ಮಾಸಪತ್ರಿಕೆಗೆ ಚಿತ್ರ ಬರೆದವಳು. ಮೊಲಕ್ಕೆ ಚಡ್ಡಿ ತೊಡಿಸು, ನರಿಗೆ ಕನ್ನಡಕ ಹಾಕು, ಮತ್ತೆ ಮೊಲಕ್ಕೆ ಚಡ್ಡಿ. ಮದುವೆಮನೆಗಳಲ್ಲಿ ಯಾರಾದರೂ "ಇನ್ನೂ ಗೊಂಬೆ ಬಿಡಿಸ್ತಿದ್ದೀಯೇನಮ್ಮ?" ಎಂದರೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಆ ನಗು ಅವಳಿಗೇ ಸಾಕಾಗಿಹೋಗಿತ್ತು.

ಮೂರು ವರ್ಷದ ಹಿಂದೆ ಮೊಲಗಳಿಗೆ ಕೈಮುಗಿದು ಸ್ವಂತದ್ದೊಂದು ಚಿತ್ರಕಾದಂಬರಿ ಹಿಡಿದಳು. ಕಥೆ ತಾತ ಅಬ್ದುಲ್ ಸತ್ತಾರ್ ಅವರದು. ನಲವತ್ತು ವರ್ಷದ ಹಿಂದೆ ಕಾಫಿ ಮೂಟೆ ಹೇರಿಕೊಂಡು ಮಂಗಳೂರಿಗೆ ಹೊರಟ ಅವರ ಲಾರಿ ಮಾರನಹಳ್ಳಿ ದಾಟಿ ಪ್ರಪಾತಕ್ಕೆ ಬಿದ್ದಿತ್ತು. ಜಿಗಿದು ಬದುಕಿದ ಕ್ಲೀನರ್ ತೋಟಪ್ಪನನ್ನು ಬೆಳಗೋಡಿನಲ್ಲಿ ಹುಡುಕಿ, ಜೇಬಾ ಎಲ್ಲವನ್ನೂ ಕೇಳಿ ತಿಳಿದಳು. ಕೇಳದೆ ಉಳಿದದ್ದು ಸತ್ತಾರ್ ಅವರ ಹೆಂಡತಿ, ತಾನು ದಾದಿ ಎಂದು ಕರೆಯುವ ಅಜ್ಜಿ ಬೀಬಿಜಾನ್ ಅವರನ್ನು ಮಾತ್ರ. ಆ ಸಾವಿನ ಮಾತೆತ್ತಿದರೆ ದಾದಿ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ದಾದಿ ಬೇಡವೆಂದರೆ ಪುಸ್ತಕವಿಲ್ಲ, ಹರಿದು ಒಲೆಗೆ ಹಾಕುವುದೇ. ಇದು ಜೇಬಾ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಹಾಕಿಕೊಂಡವಳು ಕೇಳುವ ಧೈರ್ಯ ಮಾಡದೆ ಕೊನೆಯ ದಿನದವರೆಗೂ ಎಳೆದಳು, ಪುಕ್ಕಲಿ. "ನಾಲ್ಕು ಗಂಟೆಗೆ ಪ್ರೆಸ್‌ಗೆ ಹೋಗ್ಬೇಕು, ಹೂಂ ಅಥವಾ ಉಹೂಂ ಹೇಳಿ" ಎಂದು ಸಂಪಾದಕಿ ಚಂದ್ರಿಕಾ ಬೆಳಿಗ್ಗೆಯೇ ಖಡಕ್ಕಾಗಿ ಹೇಳಿದ್ದರು. ಮೂರೂವರೆಗೆ ಕರಡುಪ್ರತಿ ದಾದಿಯ ಮಡಿಲಿಗೆ ಬಂತು.

ಪುಟಕ್ಕೊಂದೇ ಚಿತ್ರ, ಒಂದಕ್ಷರವೂ ಇಲ್ಲ. ದಾದಿಗೆ ಓದಲು ಬರುವುದು ಉರ್ದು ಮಾತ್ರ, ಅದಕ್ಕೇ ಹಾಗೆ ಮಾಡಿದ್ದು. ದಾದಿ ಕನ್ನಡಕ ಏರಿಸಿ, ಉರ್ದು ಪುಸ್ತಕದಂತೆ ಕೊನೆಯ ಪುಟದಿಂದ ತೆರೆದರು. ಮೊದಲಿಗೇ ಪ್ರಪಾತದ ತಳದಲ್ಲಿ ಮಗುಚಿದ ಲಾರಿ. ತಡೆಯಲೆಂದು ಜೇಬಾ ಕೈ ಚಾಚಿದಳು, ತಡವಾಗಿತ್ತು.

ದಾದಿ ಪುಟ ತಿರುಗಿಸಿದರು. ಲಾರಿ ಮೇಲೆದ್ದು ರಸ್ತೆಗೆ ಬಂತು. ಮಾರನಹಳ್ಳಿಯ ಚಹಾದಂಗಡಿ, ಸಕಲೇಶಪುರದ ಪೇಟೆ, ಮನೆ ಬಾಗಿಲು. ಕಡೆಯ ಚಿತ್ರದಲ್ಲಿ ಸತ್ತಾರ್ ಚಾಪೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದರು, ಪಕ್ಕದಲ್ಲಿ ಹರೆಯದ ಬೀಬಿಜಾನ್.

"ಬಂದ್ಬುಟ್ರು" ಎಂದರು ದಾದಿ ಮೆಲ್ಲಗೆ. "ಚೆನ್ನಾಗೈತೆ. ಅಚ್ಚು ಹಾಕ್ಸು."

ಫೋನು ಹೊಡೆದುಕೊಳ್ಳತೊಡಗಿತು. ಹೂಂ ಅಂದುಬಿಟ್ಟರೆ ಆಯಿತು. ಆದರೆ ದಾದಿ ಒಪ್ಪಿದ್ದು ಬೇರೆ ಕಥೆಗಲ್ಲವೇ? ಮೂರು ವರ್ಷದ ದುಡಿಮೆ ಹಾಳಾದರೆ ಹಾಳಾಗಲಿ, ಇವರಿಗೆ ಮೋಸ ಮಾಡಲಾರೆ ಅನ್ನಿಸಿತು ಜೇಬಾಗೆ.

"ದಾದಿ, ನೀವು ಹಿಂದಿನಿಂದ ನೋಡಿದ್ರಿ. ಕಥೆ ಆ ಕಡೆಯಿಂದ ಶುರು."

"ಗೊತ್ತು ಕಣೇ. ಆ ಕಡೆಯಿಂದ ನಲವತ್ತು ವರ್ಷ ನೋಡಿದೀನಿ. ಫೋನ್ ಎತ್ತು."