ಕೊರಳಿನವರೆಗೆ ಬಂದ ಚಿತ್ರ

ಭೂತ, ಶಕುನ ಅಂದವರಿಗೆ ‘ಸಾಲಿ ಕಲೀರಿ’ ಎಂದು ಹೇಳುತ್ತಿದ್ದವ ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಅವ್ವ ಮೂಡಲಗಿಯಲ್ಲಿ ಊರವರ ಬಟ್ಟೆ ಹೊಲಿದು ಓದಿಸಿದ್ದಳು. ಆ ಹೆಮ್ಮೆ ಈಗಲೂ ಇದೆ. ಆದರೆ ಈ ಒಂದು ಸಂಗತಿಯ ಮುಂದೆ ನನ್ನ ಓದು ನಡೆಯುವುದಿಲ್ಲ.

ಗೋಕಾಕದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ; ಅವ್ವನೂ ಈಗ ಇಲ್ಲೇ ನನ್ನ ಜೊತೆಗಿದ್ದಾಳೆ. ಒಮ್ಮೆ ಹತ್ತರಗಿಯ ಗುಜರಿ ಅಂಗಡಿಯ ದಸ್ತಗೀರ ಕಾಕಾ ಒಂದು ದಪ್ಪ ನೀಲಿ ಡಬ್ಬಿ ತೋರಿಸಿ, “ಮುಂಬೈ ಸಿನಿಮಾದವರದು. ಇದರಾಗ ಸತ್ತ ಹೀರೋನೂ ಎದ್ದು ಕುಣೀತಿದ್ದ. ಈಗ ಇದನ್ನ ಎಬ್ಬಸಾಕ ಯಾರೂ ಇಲ್ಲ, ಒಯ್ಯೋ ತಮ್ಮಾ” ಎಂದರು. ಹಳೆಯ ಗ್ರಾಫಿಕ್ಸ್ ಯಂತ್ರ. ಸಿನಿಮಾದ ಒಂದೊಂದು ಚಿತ್ರವನ್ನೂ ಇಂಥವು ತಾಸುಗಟ್ಟಲೆ ಬಿಡಿಸುತ್ತಿದ್ದ ಕಾಲವೊಂದಿತ್ತು. ನನಗೆ ಇಂಥವುಗಳ ಹುಚ್ಚು. ಹೊತ್ತು ತಂದೆ.

ಅಣ್ಣ ಬಸು ಸಿನಿಮಾ ಸೆಟ್ಟಿನ ಬಡಗಿ ಕೆಲಸಕ್ಕೆಂದು ಮುಂಬೈಗೆ ಹೋದವನು ಸುದ್ದಿಯಿಲ್ಲದೆ ಹೋಗಿದ್ದ. ಪೊಲೀಸು, ದವಾಖಾನೆ ಎಲ್ಲ ಹುಡುಕಿಯಾಗಿತ್ತು. ಇದ್ದಾನೋ ಇಲ್ಲವೋ, ಅವ್ವನಿಗೆ ಅದೊಂದೇ ಚಿಂತೆ. ಅವನು ಹೋದಮೇಲೆ, ಬಂದಾಗ ಹಾಕಿಕೊಳ್ಳಲಿ ಎಂದು ನೀಲಿ ಚೌಕಳಿಯ ಅಂಗಿ ಹೊಲಿದು ಟ್ರಂಕಿನಲ್ಲಿಟ್ಟಿದ್ದಳು. ಬಿಳಿ ಗುಂಡಿ ಸಾಲದೆ ಎಲ್ಲಕ್ಕಿಂತ ಕೆಳಗೆ ಒಂದು ಕೆಂಪು ಗುಂಡಿ ಹಚ್ಚಿದ್ದಳು.

ಒಂದು ಮಧ್ಯಾಹ್ನ ಅವ್ವ ಬುತ್ತಿ ತಂದಿದ್ದಾಗ ಯಂತ್ರ ಚಾಲೂ ಆಯಿತು. ಒಳಗೆ ಒಂದೇ ಚಿತ್ರ ಉಳಿದಿತ್ತು, ತೆರೆದೆ. ಆ ಯಂತ್ರ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ, ಗೆರೆ ಗೆರೆಯಾಗಿ ತೋರಿಸುತ್ತದೆ. ಮೊದಲು ಚಪ್ಪಲಿ, ಆಮೇಲೆ ಪ್ಯಾಂಟು.

“ಬರೇ ಕಾಲು ಬಂದಾವಲ್ಲೋ, ತಲಿ ಎಲ್ಲಿ ಮರೆತು ಬಂದಾನ?” ಎಂದು ಅವ್ವ ನಕ್ಕಳು.

“ತಡೀಯವ್ವಾ, ಬರ್ತೈತಿ.”

ಕೆಂಪು ಗುಂಡಿ ಬಂತು. ಅದರ ಮೇಲೆ ಬಿಳಿಯವು. ನೀಲಿ ಚೌಕಳಿ. ತುಸು ವಾರೆಯಾದ ಕಿಸೆ.

“ಅದು ನನ್ನ ಕೈ ಹೊಲಿಗಿ” ಎಂದಳು ಅವ್ವ, ಮೆಲ್ಲಗೆ.

ಕಾಲರ್ ಬಂತು. ಕೊರಳು ಬಂತು. ಕರೆಂಟ್ ಹೋಯಿತು.

ಆಮೇಲೆ ಯಂತ್ರ ಏಳಲೇ ಇಲ್ಲ. ಅಣ್ಣ ಊರು ಬಿಡುವ ಮೊದಲೇ ಅದು ತಮ್ಮ ಗುಜರಿಗೆ ಬಂದು ಬಿದ್ದಿತ್ತೆಂದು ಕಾಕಾ ಆಣೆ ಮಾಡಿ ಹೇಳುತ್ತಾರೆ. ಅಂಗಿ ಟ್ರಂಕಿನಲ್ಲೇ ಇದೆ, ಮಡಿಕೆ ಬಿಚ್ಚದೆ. ಅಂಥ ಅಂಗಿ ಬೇರೆ ಯಾರದಾದರೂ ಇರಬಹುದು ಎಂದು ಅವ್ವನಿಗೆ ಹೇಳಿದೆ. ನನಗೂ ಹೇಳಿಕೊಂಡೆ.

ಅವ್ವ ಈಗಲೂ ಬುತ್ತಿ ತಂದಾಗೆಲ್ಲ ಆ ಕಪ್ಪು ಪರದೆಯ ಮುಂದೆ ಕೂಡುತ್ತಾಳೆ. “ಕೊರಳ ಮಟಾ ಬಂದಾನ. ಇನ್ನ ಮಾರಿ ಅಷ್ಟ ಬರಬೇಕು” ಎನ್ನುತ್ತಾಳೆ.

ಎಂಥ ಯಂತ್ರವನ್ನಾದರೂ ಬಿಚ್ಚಿ ನೋಡುವ ನಾನು, ಅದೊಂದನ್ನು ಇನ್ನೂ ಬಿಚ್ಚಿಲ್ಲ.