ಶಾಂತಾ ಮೇಡಂ ಲ್ಯಾಪ್‌ಟಾಪಿಗೆ ನಾನು ಡೆಬಿಯನ್ ಹಾಕಿದ ದಿನ

ಶಾಂತಾ ಮೇಡಂ, ನಿಮ್ಮ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ನಿಮ್ಮ ಆರು ವರ್ಷದ ಕೆಲಸವನ್ನು ಅಳಿಸಿದವನು ನಾನು — ಭಾಲ್ಕಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಆರಾಮಾಗಿ ಚಹಾ ಕುಡಿಯುತ್ತ. ಅಳಿಸಿದ್ದಲ್ಲದೆ ತಪ್ಪನ್ನು ನಿಮ್ಮ ತಲೆಗೇ ಕಟ್ಟಿದೆ.

ಅದರಲ್ಲಿ ಕಂಪ್ಯೂಟರ್ ನಡೆಸುವ ತಂತ್ರಾಂಶವಾಗಿ ಉಬುಂಟು ಎಂಬ ಲಿನಕ್ಸ್ ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ನೀವು ಬಂದದ್ದು ಪ್ರಿಂಟ್ ತೆಗೆಯುವುದು ಹೇಗೆಂದು ಕೇಳಲು, ಅಷ್ಟೇ. ಆದರೆ ಕಂಪ್ಯೂಟರ್ ಕಲಿಸುವ ಮೇಷ್ಟ್ರಾದ ನನಗೆ ಆಗ ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಹುಚ್ಚು ಹಿಡಿದಿತ್ತು. ಕಂಡವರ ಲಿನಕ್ಸನ್ನೆಲ್ಲ ಬದಲಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ಚಲೋ ನಡದದಲ್ರೀ ಸರ್, ಯಾಕ ಬದಲಿ ಮಾಡ್ತೀರಿ?" ಎಂದಿರಿ.

"ನಿಮಗ ಇದೆಲ್ಲ ತಿಳಿಯಂಗಿಲ್ರಿ ಮೇಡಂ. ಇಟ್ಟು ಹೋಗ್ರಿ" ಎಂದೆ. ಥೂ, ಎಂಥ ಧಿಮಾಕು!

ನೀವು ನನಗಿಂತ ಜಾಣೆ. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಕೈಗೆ ಕೊಟ್ಟಿರಿ. "ಇದರಾಗ ಒಂದು ಕಾಪಿ ಅದರಿ. ಜ್ವಾಕಿ ಸರ್, ನಮ್ಮಪ್ಪನ ಮಾತು ಅವ." ಠಾಣಾ ಕುಶನೂರಿನಲ್ಲಿ ಜೀವಮಾನವಿಡೀ ಕುರಿ ಕಾಯ್ದ ನಿಮ್ಮ ತಂದೆಯಿಂದ, ಔರಾದ ಸುತ್ತಿನ ಮುದುಕರಿಂದ ಕೇಳಿ ಬರೆದುಕೊಂಡ ಕುರಿಗಾರರ ಪದಕೋಶ ಅದು. ಕಿವಿಯ ಆಕಾರಕ್ಕೊಂದು ಹೆಸರು, ಉಣ್ಣೆಯ ಬಣ್ಣಕ್ಕೊಂದು, ಹಿಂಡಿನಲ್ಲಿ ಹಿಂದೆ ಬೀಳುವ ಕುರಿಗೇ ಒಂದು... ತಂದೆ ಆಗಲೇ ತೀರಿಹೋಗಿದ್ದರು. ಅದೇ ನಿಮ್ಮ ಪಿಎಚ್‌ಡಿ.

ಹೊಸ ಲಿನಕ್ಸ್ ಹಾಕಲು ಅದನ್ನು ಮೊದಲು ಒಂದು ಪೆನ್‌ಡ್ರೈವಿಗೆ ಬರೆಯಬೇಕು. ಬರೆದರೆ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು. ನನ್ನದು ಬೀದರಿನ ಮನೆಯಲ್ಲಿ ಉಳಿದಿತ್ತು. ಹೇಗೂ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂದು ನಿಮ್ಮದನ್ನೇ ಬಳಸಿದೆ. ಅರ್ಧ ಗಂಟೆಯ ಮೇಲೆ, ಡಿಸ್ಕ್ ಪೂರ್ತಿ ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿದಾಗ — ಹೇಗೂ ಪೆನ್‌ಡ್ರೈವಿನಲ್ಲಿ ಇದೆಯಲ್ಲ ಎಂದು ಹೂಂ ಒತ್ತಿದೆ. ಒಂದೇ ಅರ್ಧ ಗಂಟೆಯಲ್ಲಿ ಮಾಡಿದ್ದನ್ನು ಮರೆತಿದ್ದೆ! ನೆನಪಾದಾಗ ಡಿಸ್ಕ್ ಖಾಲಿಯಾಗಿತ್ತು. ಎರಡು ದಿನ ಒದ್ದಾಡಿದೆ, ಒಂದು ಪದವೂ ಮರಳಲಿಲ್ಲ.

ಆಗಲಾದರೂ ಹೇಳಬಹುದಿತ್ತು. ನಾನು ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು, ಏನೆಂದೆ ನೆನಪಿದೆಯಲ್ಲ — "ಚಾಲೂ ಇದ್ದಾಗ್ಲೇ ಮುಚ್ಚಿ ಬ್ಯಾಗಿನ್ಯಾಗ ಇಟ್ಟೀರಿ ಮೇಡಂ, ಡಿಸ್ಕ್ ಸತ್ತದ, ಬ್ಯಾರೆ ಹಾಕೀನಿ. ಪೆನ್‌ಡ್ರೈವಿಗಿ ಕಾಪಿನೂ ಆಗಿಲ್ಲ." ಹೆಂಗಸರಿಗೆ ಯಾಕೆ ಬೇಕಿತ್ತು ಲ್ಯಾಪ್‌ಟಾಪು ಎಂದು ಯಾರೋ ಅಂದರು. ಗಂಡಸರೆಲ್ಲ ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟವನು ನಾನು!

ನೀವು ಅಳಲಿಲ್ಲ. "ನಂದೇ ಗಲತಿ ಆತ್ರಿ ಸರ್. ನಿಮಗ ಸುಮ್ಮ ತ್ರಾಸ ಕೊಟ್ಟೆ, ಮಾಫ್ ಮಾಡ್ರಿ" ಎಂದಿರಿ. "ಇರ್ಲಿ ಬಿಡ್ರಿ" ಎಂದೆ. ನಾನು ನಿಮ್ಮನ್ನು ಮಾಫ್ ಮಾಡಿದೆನಂತೆ! ಒಬ್ಬರಾದರೂ, ಆ ಡಿಸ್ಕ್ ತೋರಿಸು ಎಂದು ನನ್ನ ಕೊರಳಪಟ್ಟಿ ಹಿಡಿಯಬೇಕಿತ್ತು. ಕಂಪ್ಯೂಟರ್ ಸರ್ ಹೇಳಿದ ಮೇಲೆ ಮುಗಿಯಿತು — ಯಾರು ಕೇಳುತ್ತಾರೆ? ನೀವು ಪಿಎಚ್‌ಡಿ ಬಿಟ್ಟಿರಿ. ನಾನು ತರಬೇತಿಗಳಲ್ಲಿ "ನಮ್ಮ ಕಾಲೇಜಿನ ಒಬ್ಬ ಮೇಡಂ" ಎಂದು ನಿಮ್ಮ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಹೋದ ವಾರ ನಿಮ್ಮ ಮಗಳು ಸಾಕ್ಷಿಯನ್ನು ಹೊಸ ಲ್ಯಾಪ್‌ಟಾಪಿನ ಸಮೇತ ಕರೆತಂದಿರಿ. "ಸ್ವಲ್ಪ ಹೇಳ್ರಿ ಸರ್, ನನ್ನಂಗ ಮಾಡಬ್ಯಾಡ ಅಂತ" ಎಂದಿರಿ. ನೀವು ಆಚೆ ಹೋದ ಮೇಲೆ ಅವಳು ಕೇಳಿದಳು, "ಸರ್, ಅವ್ವ ಖರೇನೇ ಅಷ್ಟು ದಡ್ಡತನ ಮಾಡಿದ್ಳೇನ್ರಿ?"

ಹೂಂ ಎಂದೆ. ಮಗಳ ಎದುರಿಗೂ!

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಇದನ್ನು ಓದುತ್ತೇನೆ. ಪದಗಳು ಮರಳಿ ಬರುವುದಿಲ್ಲ, ನಿಮ್ಮ ತಂದೆಯೂ ಬರುವುದಿಲ್ಲ. ಹಾಗಾಗಿ ಮಾಫಿ ಕೇಳುವ ಮುಖ ನನಗಿಲ್ಲ. ಒಂದೇ ಒಂದು ಬೇಡಿಕೆ — ಓದಿದ ಮೇಲೆ ಈ ಕಾಗದವನ್ನು ಸಾಕ್ಷಿಗೆ ಕೊಡಿ. ಅವಳ ಅವ್ವ ಏನೂ ತಪ್ಪು ಮಾಡಿರಲಿಲ್ಲ.